ಹದಿನೇಳನೆಯ ಪೆಟ್ಟಿಗೆ

ಜೂನ್ ೩, ಸೋಮವಾರ

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಮಾತಿನ ಚಿಕಿತ್ಸೆಯ ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ. ಎಷ್ಟು ತಿಂದಳು, ಎಷ್ಟು ಮಲಗಿದಳು, ಏನಾದರೂ ಅಂದಳೇ ಎಂದು ದಿನವೂ ಅದರಲ್ಲಿ ತುಂಬಬೇಕು. ಅಕ್ಕನ ಆರೈಕೆಗೆ ಇಟ್ಟಿರುವ ಆಯಾ ಅದನ್ನು ತುಂಬುತ್ತಾಳೆ. ಈ ಪುಸ್ತಕ ಮಾತ್ರ ನನ್ನದು. ಇಪ್ಪತ್ತೆಂಟು ವರ್ಷ ದಾಖಲೆಗಳ ಕಚೇರಿಯಲ್ಲಿ ಕೂತು ಬೇರೆಯವರ ದಿನಚರಿಗಳಿಗೆ ನಂಬರು ಹಾಕಿದವನು ನಾನು. ಯಾರೂ ನಂಬರು ಹಾಕದ ಒಂದು ದಿನಚರಿ ನನಗೂ ಇರಲಿ.

ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಲೆಕ್ಕ ಹೇಳಿಕೊಟ್ಟ ಬಾಯಿ ಅವಳದು. ನನ್ನನ್ನು ಬೆಳೆಸಿದ್ದೂ ಆ ಬಾಯಿಯೇ. ಸಿಟ್ಟು ಬಂದರೂ 'ಗೂಬೆ', ಮುದ್ದು ಬಂದರೂ 'ಗೂಬೆ'. ಈಗ ಪಾರ್ಶ್ವವಾಯು ಬಡಿದು ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ, ಮಾತು ಪೂರ್ತಿ ನಿಂತುಹೋಗಿದೆ. ಬೆಳಿಗ್ಗೆ ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕ, ಹೇಗಿದೀಯ?" ಅನ್ನುತ್ತೇನೆ. ಅವಳು ನೋಡುತ್ತಾಳೆ. ನಾನು ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಮೆಟ್ಟಿಲಿಳಿಯುವಾಗ ಮೈ ಹಗುರಾಗುತ್ತದೆ. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕಾಗಿದೆ?

ಜೂನ್ ೬, ಗುರುವಾರ

ಕಚೇರಿಯಲ್ಲಿ ಹೊಸ ಕೆಲಸ ಗಂಟುಬಿದ್ದಿದೆ. ಎರಡು ವರ್ಷದ ಹಿಂದೆ ತೀರಿಕೊಂಡ ಒಬ್ಬ ಸಂಗೀತ ಸಂಯೋಜಕನ ಕಾಗದಪತ್ರಗಳು. ದೊಡ್ಡ ವಾದ್ಯವೃಂದಗಳಿಗೆ ಬರೆದವನಂತೆ, ಹೊಸ ಬಗೆಯ ಸಂಗೀತವಂತೆ, ಹೊರದೇಶಗಳಲ್ಲೂ ನುಡಿಸುತ್ತಾರಂತೆ. ಒಟ್ಟು ನಲವತ್ತೊಂದು ಪೆಟ್ಟಿಗೆ. ಈ ಮಹಾಶಯ ಜೀವಮಾನದಲ್ಲಿ ಒಂದು ಚೀಟಿಯನ್ನೂ ಎಸೆದವನಲ್ಲ. ಮೊದಲ ನಾಲ್ಕು ಪೆಟ್ಟಿಗೆಗಳಲ್ಲಿ ಆಹ್ವಾನ ಪತ್ರಿಕೆಗಳು, ಹರಿದ ಸ್ವರಲಿಪಿ ಹಾಳೆಗಳು, ಪಿಯಾನೊ ಶ್ರುತಿ ಮಾಡುವವನ ಜೊತೆ ಹನ್ನೆರಡು ವರ್ಷ ನಡೆಸಿದ ಜಗಳದ ಕಾಗದಗಳು.

ಹಲ್ಲಿನ ಡಾಕ್ಟರಾಗಿರುವ ಮಗಳು ಮನೆ ಖಾಲಿ ಮಾಡಿ, ಒಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡದೆ, ಎಲ್ಲವನ್ನೂ ನಮಗೆ ಸಾಗಿಸಿದ್ದಾರೆ. ಒಪ್ಪಂದದ ಪ್ರಕಾರ ನಾವು ಅವರಿಗೊಂದು ಪಟ್ಟಿ ಕಳಿಸಬೇಕು. ಪಟ್ಟಿ ನೋಡಿ ಅವರು ಯಾವುದನ್ನಾದರೂ ವಾಪಸ್ಸು ಕೇಳಬಹುದು. ಅದಕ್ಕೆ ಕೊನೆಯ ದಿನ ಜುಲೈ ಮೂವತ್ತೊಂದು. ಆಮೇಲೆ ಎಲ್ಲವೂ ಕಚೇರಿಯದು.

ಅವನ ಹೆಸರುವಾಸಿ ಕೃತಿಯೊಂದನ್ನು ಕಿವಿಗೆ ಹಾಕಿಕೊಂಡು ಕೇಳಿದೆ. ಹನ್ನೆರಡು ತಂತಿವಾದ್ಯಗಳಿಗೆ ಬರೆದದ್ದು. ಕೀಲಿಗೆ ಎಣ್ಣೆ ಬಿಡದ ಬಾಗಿಲನ್ನು ಯಾರೋ ಇಪ್ಪತ್ತೆರಡು ನಿಮಿಷ ತೆಗೆದು ಹಾಕಿ ಮಾಡಿದಂತಿದೆ.

ಅಕ್ಕ ಮೂರು ಚಮಚ ತಿಂದಳು ಎಂದು ಆಯಾ ಹೇಳಿದಳು.

ಜೂನ್ ೧೩, ಗುರುವಾರ

ಪೆಟ್ಟಿಗೆ ಹದಿನೇಳು. ಹಳೆಯ ಉಣ್ಣೆ ಅಂಗಿಯೊಂದರಲ್ಲಿ ಸುತ್ತಿಟ್ಟ ಆರು ಸಣ್ಣ ಪುಸ್ತಕಗಳು, ಜೇಬಿಗೆ ಹಿಡಿಯುವಂಥವು. ಒಳಗೆ ಸ್ವರಲಿಪಿಯೂ ಇಲ್ಲ, ಮಾತೂ ಇಲ್ಲ. ಉದ್ದ ಗೆರೆಯ ಮೇಲೆ ಕೆಳಗೆ ಸಣ್ಣ ಗೀಟುಗಳು, ಅರ್ಧಚಂದ್ರಗಳು, ಖಾಲಿ ಚೌಕಗಳು. ಅಂಚಿನಲ್ಲಿ ತಾರೀಖು ಮತ್ತು ಗಂಟೆ. ಮೊದಲ ಪುಸ್ತಕದ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಗುರುತುಗಳ ಅರ್ಥ ಬರೆದಿದೆ: ಗೀಟು ಧ್ವನಿ, ಅರ್ಧಚಂದ್ರ ಉಸಿರು, ಚೌಕ ಮೌನ.

ಯಾವ ಧ್ವನಿ, ಯಾರ ಉಸಿರು ಎಂದು ಬರೆದಿಲ್ಲ.

ಜೂನ್ ೧೫, ಶನಿವಾರ

ಅಕ್ಕ ಬಾಯಿ ಬಿಟ್ಟಳು.

ಆಯಾ ಬಟ್ಟೆ ಮಡಿಸುತ್ತಾ ಏನನ್ನೋ ಎಣಿಸುತ್ತಿದ್ದಳಂತೆ. ಹಾಸಿಗೆಯಿಂದ ಅಕ್ಕನ ದನಿ ಬಂತಂತೆ: "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು." ನಾನು ಓಡಿಹೋಗುವಷ್ಟರಲ್ಲಿ ಏಳೆಂಟ್ಲ ಐವತ್ತಾರಕ್ಕೆ ಬಂದಿದ್ದಳು. ಒಂದಕ್ಷರ ತಪ್ಪಿಲ್ಲ, ಅದೇ ಶಾಲೆಯ ರಾಗ. ನಾನು ಮಂಚದ ಪಕ್ಕ ಕೂತು, "ಅಕ್ಕ, ನಾನ್ಯಾರು ಹೇಳು" ಅಂದೆ. ತುಂಬ ಹೊತ್ತು ನನ್ನ ಮುಖ ನೋಡಿದಳು. ತುಟಿ ಅಲ್ಲಾಡಿತು. "ಏಳೊಂಬತ್ಲ ಅರವತ್ಮೂರು" ಅಂದಳು.

ಡಾಕ್ಟರಿಗೆ ಫೋನು ಮಾಡಿದೆ.

"ಬಾಯಿಪಾಠ ಆಗಿರೋದು ಮೆದುಳಲ್ಲಿ ಬೇರೆ ಕಡೆ ಇರುತ್ತೆ" ಅಂದರು. "ಅದು ಮಾತಲ್ಲ. ಆಸೆ ಇಟ್ಕೋಬೇಡಿ ಅನ್ನಲ್ಲ. ತುಂಬ ಇಟ್ಕೋಬೇಡಿ."

ತುಂಬ ಅಂದರೆ ಎಷ್ಟು ಎಂದು ಕೇಳಬೇಕಿತ್ತು.

ಜೂನ್ ೨೦, ಗುರುವಾರ

ಆರು ಪುಸ್ತಕಗಳು ಏನೆಂದು ಗೊತ್ತಾಯಿತು. ಮೊದಲ ಪುಟದ ತಾರೀಖನ್ನು ಒಂಬತ್ತನೆಯ ಪೆಟ್ಟಿಗೆಯ ಆಸ್ಪತ್ರೆ ಕಾಗದಗಳ ಜೊತೆ ಇಟ್ಟು ನೋಡಿದೆ. ಸಂಯೋಜಕರ ಹೆಂಡತಿಯನ್ನು ಆಸ್ಪತ್ರೆಯಿಂದ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ ದಿನ ಅದು. ಕೊನೆಯ ಪುಟದ ತಾರೀಖು ಆಕೆ ತೀರಿಕೊಂಡ ದಿನ. ನಾಲ್ಕು ತಿಂಗಳು, ಆಕೆಯ ನರಳಿಕೆ, ಕೆಮ್ಮು, ಉಸಿರು, ಕರೆದದ್ದು, ಕೇಳಿದ್ದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಬರೆದುಕೊಂಡಿದ್ದಾರೆ. ಕೆಲವು ದಿನ ನಲವತ್ತು ಪುಟ.

ಎರಡು ಗೀಟುಗಳ ಒಂದು ಗುರುತು ಮತ್ತೆ ಮತ್ತೆ ಬರುತ್ತದೆ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ ಜಾರುತ್ತದೆ, ಆಮೇಲೆ ಚೌಕ. ಒಂದೇ ಒಂದು ಕಡೆ ಅದರ ಕೆಳಗೆ ಸಣ್ಣಗೆ 'ನೀರು' ಎಂದು ಬರೆದಿದ್ದಾರೆ.

ಹನ್ನೆರಡು ತಂತಿವಾದ್ಯಗಳ ಕೃತಿಯನ್ನು ಮತ್ತೆ ಹಾಕಿ ಕೇಳಿದೆ. ಆರನೆಯ ನಿಮಿಷದಲ್ಲಿ ಎಲ್ಲ ವಾದ್ಯಗಳೂ ನಿಂತು ಒಂದೇ ವಾದ್ಯ ಉಳಿಯುತ್ತದೆ. ಎರಡು ಸ್ವರ. ಮೇಲಿನದು, ಆಮೇಲೆ ಜಾರುವುದು. ಆಮೇಲೆ ಏನೂ ಇಲ್ಲ. ಮತ್ತೆ ಅದೇ ಎರಡು. ಕಿವಿಯಿಂದ ತೆಗೆದಿಟ್ಟೆ. ಚಹಾ ಕುಡಿಯಲು ಹೋದೆ. ಕುಡಿಯಲಾಗಲಿಲ್ಲ.

ಜೂನ್ ೨೪, ಸೋಮವಾರ

ಕಚೇರಿಯ ನಿರ್ದೇಶಕಿಯವರಿಗೆ ಕರಡು ಪಟ್ಟಿ ಕೊಟ್ಟೆ. ಮಾಮೂಲಿನಂತೆ ಮೇಲೆ ಮೇಲೆ ಕಣ್ಣಾಡಿಸುತ್ತಾ ಹೋದವರು, ಪುಸ್ತಕಗಳು ಏನೆಂದು ನಾನು ವಿವರಿಸಿದ್ದ ಹದಿನೇಳರ ಹತ್ತಿರ ನಿಂತರು.

"ಇದು ನಿಜವಾ?"

"ಹೌದು, ಮೇಡಂ."

"ಆ ಕೃತಿ ಇದರಿಂದ ಹುಟ್ಟಿದ್ದಾ?"

"ಹೌದು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ. ಸೋರುವ ಗೋದಾಮಿನಿಂದ ಎಷ್ಟೋ ಜನರ ಬದುಕನ್ನು ಎತ್ತಿ ಒಣಗಿಸಿ ಇಟ್ಟವರು. "ನಲವತ್ತೊಂದು ಪೆಟ್ಟಿಗೇಲಿ ಇಟ್ಕೊಳ್ಳಲೇಬೇಕಾದ್ದು ಇದೊಂದೇ. ಮಗಳು ಇದನ್ನ ಹೀಗೆ ಓದಿದ್ರೆ ಬಿಡ್ತಾರಾ? ಆ ಮನೇಲಿ ಏನು ನಡೀತೋ ನಮಗೇನ್ ಗೊತ್ತು. 'ಬಿಡಿ ಟಿಪ್ಪಣಿ ಪುಸ್ತಕಗಳು, ಆರು' ಅಂತ ಹಾಕಿ. ಸುಳ್ಳೇನಲ್ಲವಲ್ಲ."

ಸುಳ್ಳೇನಲ್ಲ. ಹಾಗೇ ಹಾಕಿದೆ. ಸಂಜೆಯ ಅಂಚೆಯಲ್ಲಿ ಪಟ್ಟಿ ಹೋಯಿತು.

ಜೂನ್ ೨೯, ಶನಿವಾರ

ಅಕ್ಕ ಈಗ ದಿನವೂ ಮಗ್ಗಿ ಹೇಳುತ್ತಾಳೆ. ಆದರೆ ಇವತ್ತು ಒಂದು ವಿಷಯ ಗಮನಿಸಿದೆ. ಎಲ್ಲ ಸಲವೂ ಒಂದೇ ರಾಗವಲ್ಲ. ಕಿಟಕಿಯಿಂದ ಬಿಸಿಲು ಕಣ್ಣಿಗೆ ಬಿದ್ದಾಗ 'ಏಳ್ನಾಕ್ಲ' ಎಂಬುದು ಮೇಲಕ್ಕೆ ಏರುತ್ತದೆ. ಆಯಾ ತಲೆ ಬಾಚುವಾಗ ಅದೇ 'ಏಳ್ನಾಕ್ಲ' ಸಮನಾಗಿ ಹರಿಯುತ್ತದೆ. ಮಾತು ಹೋದರೂ ಬೈಗುಳ ಹೋಗಿಲ್ಲ ಎಂದು ಆಯಾಗೆ ಹೇಳಿದೆ.

"ಮೊನ್ನೆಯಿಂದ ನಂಗೂ ಬೈತಾನೇ ಇದಾರೆ ಸಾರ್, ಎಂಟರ ಮಗ್ಗೀಲಿ" ಅಂದಳು. ತುಂಬ ದಿನಗಳ ಮೇಲೆ ಇಬ್ಬರೂ ನಕ್ಕೆವು. ಅಕ್ಕನೂ ಬಾಯಿ ಸೊಟ್ಟ ಮಾಡಿದಳು. ನಗುವೇ ಇರಬೇಕು.

ನಾನು ಗೆರೆ ಎಳೆದು ಗೀಟು ಹಾಕಿ ನೋಡಿದೆ, ಆ ಪುಸ್ತಕಗಳಲ್ಲಿರುವ ಹಾಗೆ. ಸರಾಗವಾಗಿ ಬರುತ್ತದೆ.

ಜುಲೈ ೪, ಗುರುವಾರ

ಇಂಥ ದಿನಗಳು ಬಂದು ಎಷ್ಟು ಕಾಲವಾಯಿತು. ಈಗ ಕಚೇರಿಯಿಂದ ನೇರ ಮನೆಗೆ ಬರುತ್ತೇನೆ, ದಾರಿಯಲ್ಲೆಲ್ಲೂ ನಿಲ್ಲುವುದಿಲ್ಲ. ಅಕ್ಕನ ಕೋಣೆಯ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದೇನೆ. ಒಳಗೆ ಕೂತರೆ ಅವಳು ನನ್ನನ್ನೇ ನೋಡುತ್ತಾ ಸುಮ್ಮನಾಗುತ್ತಾಳೆ. ಮೂರು ದಿನದಲ್ಲಿ ಇಪ್ಪತ್ತಾರು ಪುಟ. ಆರರ ಮಗ್ಗಿ ಬೆಳಗಿನದು, ಏಳರದು ಏನಾದರೂ ಬೇಕಾದಾಗಿನದು, ಒಂಬತ್ತರದು ಸಂಜೆಯದು. ಒಂಬತ್ತರಲ್ಲಿ ಒಂದು ಬಗೆಯ ಅಳುವಿದೆ, 'ಮೂವತ್ತಾರು' ಎಂಬಲ್ಲಿ ದನಿ ಎರಡು ತುಂಡಾಗುತ್ತದೆ. ಆ ತುಂಡಾಗುವುದನ್ನು ಹೇಗೆ ತೋರಿಸುವುದೆಂದು ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ. ಇವತ್ತು ನಾಲ್ಕನೆಯ ಪುಸ್ತಕದಲ್ಲಿ ಸಂಯೋಜಕರು ಅದಕ್ಕೊಂದು ದಾರಿ ಕಂಡುಕೊಂಡಿದ್ದು ಸಿಕ್ಕಿತು: ಗೀಟಿನ ಮಧ್ಯೆ ಕೂದಲೆಳೆಯಷ್ಟು ಸಂದು. ಎಷ್ಟು ಸರಳ. ಅವರ ಕಿವಿಗೆ ಕೈ ಮುಗಿಯಬೇಕು.

ಆಯಾ ಏನೋ ಹೇಳಲು ಬಂದಳು, ಅಕ್ಕನ ಊಟದ ವಿಷಯ. ಒಂದು ನಿಮಿಷ ಎಂದೆ. ಆಮೇಲೆ ಕೇಳಲು ಮರೆತೆ.

ಜುಲೈ ೭, ಭಾನುವಾರ

ಅಕ್ಕ ಬಿದ್ದಳು.

ಜುಲೈ ೮, ಸೋಮವಾರ

ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಮೂಳೆಗೇನೂ ಆಗಿಲ್ಲ. ಕಚೇರಿಗೆ ಹೋಗಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಭಾನುವಾರ ಆಯಾ ಬರುವುದು ಮಧ್ಯಾಹ್ನ. ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ. ನಾನು ಹೊಸ್ತಿಲಾಚೆ ಕುರ್ಚಿಯಲ್ಲಿದ್ದೆ. ಅಲ್ಲಿಂದ ಮಂಚದ ಕಾಲಿನ ಕಡೆ ಮಾತ್ರ ಕಾಣುತ್ತದೆ. ಅಕ್ಕ "ಏಳೆರಡ್ಲ" ಅಂದಳು. ಹದಿನಾಲ್ಕು ಅನ್ನಲಿಲ್ಲ. ಮತ್ತೆ "ಏಳೆರಡ್ಲ." ಉತ್ತರವಿಲ್ಲದೆ ಅವಳು ಬಿಟ್ಟದ್ದೇ ಇಲ್ಲ ಇಷ್ಟು ದಿನ. ನನಗೆ ಮೈ ಜುಮ್ಮೆಂದಿತು. ಬರೆದುಕೊಂಡೆ. ಪ್ರತಿ ಸಲ ಒಂದಿಷ್ಟು ಮೇಲೆ, ಒಂದಿಷ್ಟು ಬೇಗ. ಹದಿಮೂರು ಸಲ ಅಂದಳು. ಪುಸ್ತಕದಲ್ಲಿ ಹದಿಮೂರೂ ಇವೆ, ಒಂದೂ ಬಿಟ್ಟಿಲ್ಲ. ಆಮೇಲೆ ಸದ್ದಾಯಿತು.

ನೀರಿನ ಲೋಟ ಬಲಗಡೆಯ ಮೇಜಿನ ಮೇಲಿತ್ತು. ರಾತ್ರಿ ಮಾತ್ರೆ ಕೊಟ್ಟು ಅಲ್ಲಿಟ್ಟವನು ನಾನು. ಎಡಗೈಯಿಂದ ಅದನ್ನು ಹಿಡಿಯಲು ಹೊರಳಿದ್ದಾಳೆ.

ಆಯಾ ಬಂದು ನೆಲದ ರಕ್ತ ಒರೆಸುತ್ತಾ ಕೇಳಿದಳು. "ಅಮ್ಮ ಕರೀಲಿಲ್ವಾ ಸಾರ್?"

"ಕರೆದಳು."

"ಕೇಳಿಸ್ಲಿಲ್ವಾ?"

"ಕೇಳಿಸ್ತು."

ಅವಳು ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದಳು.

ಜುಲೈ ೯, ಮಂಗಳವಾರ

ಊಟದ ಬಿಡುವಿನಲ್ಲಿ ಕಚೇರಿಯಿಂದ ಹೊರಗೆ ಬಂದು, ಬಸ್‌ ನಿಲ್ದಾಣದ ಬೆಂಚಿನ ಮೇಲೆ ಕೂತು, ಸಂಯೋಜಕರ ಮಗಳಿಗೆ ಫೋನು ಮಾಡಿದೆ. ರೋಗಿಯೊಬ್ಬರು ಕುರ್ಚಿಯಲ್ಲಿದ್ದಾರೆ, ಬೇಗ ಹೇಳಿ ಎಂದರು. ಪಟ್ಟಿಯಲ್ಲಿ ಹದಿನೇಳನೆಯ ಪೆಟ್ಟಿಗೆ ನೋಡಿ, ಅದು ಬಿಡಿ ಟಿಪ್ಪಣಿ ಅಲ್ಲ ಎಂದೆ. ಏನೆಂದೂ ಹೇಳಿದೆ. ಆ ಕಡೆ ಕೇಳುತ್ತಿದ್ದ ಯಂತ್ರದ ಸದ್ದು ನಿಂತಿತು.

"ಯಾಕೆ ಹೇಳ್ತಿದೀರಿ ನಂಗೆ?"

"ತಿಳ್ಕೊಬೇಕಾದವರು ನೀವು, ಅದಕ್ಕೆ."

"ಸೋಮವಾರ ಬರ್ತೀನಿ" ಎಂದು ಇಟ್ಟರು.

ಸರಿಯಾದದ್ದನ್ನು ಮಾಡಿದೆನೆಂದು ಅನ್ನಿಸಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಕಚೇರಿಯ ಒಂದು ಹಾಳೆಯನ್ನೂ ಹೊರಗೆ ಹೋಗಲು ಬಿಟ್ಟವನಲ್ಲ.

ಜುಲೈ ೧೫, ಸೋಮವಾರ

ಬಂದರು. ಐವತ್ತು ದಾಟಿದ ಎತ್ತರದ ಹೆಂಗಸು, ಗಿಡ್ಡ ಕೂದಲು. ಓದುವ ಕೋಣೆಯ ಉದ್ದ ಮೇಜಿನ ಕೊನೆಯಲ್ಲಿ ಕೂತರು. ನಿರ್ದೇಶಕಿಯವರು ತಾವೇ ಬಂದು ಕುಶಲ ವಿಚಾರಿಸಿ, ನನ್ನ ಕಡೆ ಒಮ್ಮೆ ನೋಡಿ, ಒಳಗೆ ಹೋದರು. ಫೋನು ಮಾಡಿದವನು ನಾನೆಂದು ಅವರಿಗೆ ಗೊತ್ತಾಗಿದೆ.

ಆರೂ ಪುಸ್ತಕ ಮುಂದಿಟ್ಟೆ. ಮಗಳು ಪುಟ ತಿರುವಿದರು, ಮುಂದಕ್ಕೆ, ಹಿಂದಕ್ಕೆ.

"ಇದನ್ನ ಓದೋಕೆ ಬರುತ್ತಾ ನಿಮಗೆ?"

"ಸುಮಾರಾಗಿ."

"ಓದಿ."

"ಇದು ಮಾತಲ್ಲ, ಮೇಡಂ. ದನಿ."

"ಅದನ್ನೇ ಓದಿ ಅಂದೆ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡನೆಯ ಪುಸ್ತಕದ ಒಂದು ಸಾಲು ತೆಗೆದೆ. ಮೇಲೊಂದು, ಆಮೇಲೆ ಜಾರುವ ಒಂದು. ಸುಮ್ಮನಿದ್ದೆ, ಚೌಕವಿತ್ತಲ್ಲ. ಮತ್ತೆ ಮೇಲೊಂದು, ಜಾರುವ ಒಂದು. ಬಾಯಿ ಮುಚ್ಚಿ, ಗುನುಗಿದ ಹಾಗೆ, ಅಷ್ಟೇ.

ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಸಾಕು. ಹೌದು. ಹಾಗೇ ಕರೀತಿದ್ಲು."

ಆಮೇಲೆ ಹೇಳಿದರು: "ಅಮ್ಮ ನೀರು ಕೇಳ್ತಿದ್ಲು. ಅಪ್ಪ ಬರ್ಕೊತಿದ್ರು. ಅವರ ಕೈಗೆ ಸಿಗೋ ಹಾಗೇ ಇತ್ತು ಲೋಟ. ನಾನು ಅಡುಗೆಮನೆಯಿಂದ ಓಡಿ ಬಂದು ಕುಡಿಸ್ತಿದ್ದೆ. ಅಪ್ಪನ್ನ ಒಂದ್ಸಲ ಕೇಳಿದೆ, ನಿಮಗೆ ಕೈ ಇಲ್ವಾ ಅಂತ. 'ನಂಗೆ ಬೇರೆ ಏನೂ ಮಾಡೋಕೆ ಬರಲ್ಲ' ಅಂದ್ರು. ಆಮೇಲೆ ಸಭೆ ತುಂಬ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಆ ಸಂಗೀತಕ್ಕೆ. ನಾನು ಮೊದಲನೇ ಸಾಲಲ್ಲಿದ್ದೆ."

ಐದನೆಯ ಪುಸ್ತಕದ ಒಂದು ಪುಟವನ್ನು ತೋರಿಸಬೇಕೋ ಬೇಡವೋ ಎಂದು ವಾರದಿಂದ ಯೋಚಿಸಿದ್ದೆ. ತೋರಿಸಿದೆ. ನೀರಿನ ಗುರುತು, ಚೌಕ, ಆಮೇಲೆ ಒಂಬತ್ತು ಚುಕ್ಕೆ, ಪಕ್ಕದಲ್ಲಿ ಅಕ್ಷರಗಳಲ್ಲಿ: 'ಹೆಜ್ಜೆ. ಬಂದಳು. ಸದ್ಯ.' ಅಲ್ಲಿಂದ ಮುಂದೆ ಪ್ರತಿ ದಿನವೂ ಆ ಚುಕ್ಕೆಗಳಿವೆ. ತಂದೆ ಕಾಯುತ್ತಿದ್ದದ್ದು ಮಗಳ ಈ ಹೆಜ್ಜೆಗಳಿಗೆ ಎಂದು ನನಗೆ ತೋರಿತ್ತು. ಅದರಿಂದ ಮಗಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ.

ಅವರು ಬೆರಳಿಟ್ಟು ಚುಕ್ಕೆ ಎಣಿಸಿದರು. "ನನ್ನನ್ನೂ ಬರ್ಕೊಂಡಿದಾರೆ" ಅಂದರು.

ಅವರು ವಾಪಸಾತಿ ಪತ್ರಕ್ಕೆ ಸಹಿ ಹಾಕುವಾಗ ಇವನ್ನು ಸುಡುತ್ತೀರಾ ಎಂದು ಕೇಳಿದೆ. ಕೇಳಬಾರದಿತ್ತು. "ಗೊತ್ತಿಲ್ಲ. ಮೊದಲು ಇಲ್ಲಿಂದ ಹೊರಗೆ ಹೋಗ್ಲಿ" ಅಂದರು. ಆಮೇಲೆ, "ಫೋನಲ್ಲಿ ನಿಮ್ಮ ದನಿ ಸರಿ ಇರಲಿಲ್ಲ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಹೇಳಿಬಿಟ್ಟೆ. ಅಕ್ಕನನ್ನು, ಮಗ್ಗಿಯನ್ನು, ಹದಿಮೂರು ಸಲ ಕರೆದದ್ದನ್ನು, ನಾನು ಬರೆದುಕೊಂಡದ್ದನ್ನು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಪುಸ್ತಕಗಳನ್ನು ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದು ಕೇಳಿದರು: "ಊಟ ಕಮ್ಮಿ ಮಾಡಿದಾರಾ?"

"ಹೌದು. ಮೂರು ಚಮಚ, ನಾಲ್ಕು ಚಮಚ."

"ಬಲಗಡೆ ಕೆನ್ನೆ ಒಳಗೆ ನೋಡಿದೀರಾ? ಆ ಕಡೆ ಅವರಿಗೆ ಗೊತ್ತಾಗಲ್ಲ. ತಿಂದಿದ್ದು ಅಲ್ಲೇ ನಿಂತು ಹುಣ್ಣಾಗುತ್ತೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ತೆಗೀಬೇಕು. ಪ್ರತಿ ಊಟ ಆದಮೇಲೆ. ನೀವೇ ಮಾಡಿ, ಕಚ್ಚಿದ್ರೂ ಪರವಾಗಿಲ್ಲ."

ಹೋದರು. ಅವರ ಹೆಜ್ಜೆ ಮೆಟ್ಟಿಲಿಳಿಯುವುದು ಕೇಳಿಸುತ್ತಿತ್ತು. ಎಣಿಸಲಿಲ್ಲ.

ಜುಲೈ ೧೬, ಮಂಗಳವಾರ

ಕೆನ್ನೆಯ ಒಳಗೆ ಮೂರು ಹೊತ್ತಿನ ಅನ್ನ ಇತ್ತು. ಕೆಳಗೆ ಹುಣ್ಣು, ಉಗುರಿನಷ್ಟು. ಇದನ್ನೇ ಹೇಳಲು ಬಂದಿದ್ದೆ ಆವತ್ತು ಎಂದಳು ಆಯಾ: ಅಮ್ಮ ಒಂದೇ ಕಡೆ ಅಗೀತಾರೆ, ಬಾಯಿ ವಾಸನೆ ಬರುತ್ತೆ ಅಂತ. ಅಕ್ಕ ಕಚ್ಚಿದಳು, ಚೆನ್ನಾಗಿಯೇ. ಬೆರಳು ಊದಿದೆ, ಬರೆಯುವುದು ಕಷ್ಟ.

ಜುಲೈ ೨೩, ಮಂಗಳವಾರ

ನಿರ್ದೇಶಕಿಯವರು ಕರೆದಿದ್ದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ನಲವತ್ತು ವರ್ಷ ಆದ್ಮೇಲೆ ಆ ಸಂಗೀತ ಕೇಳೋ ಯಾರೋ ಒಬ್ಬರು ಇದೆಲ್ಲಿಂದ ಬಂತು ಅಂತ ಕೇಳ್ತಾರೆ. ನಾವು ಏನ್ ಹೇಳೋದು?" ಅಂದರು.

ಆಮೇಲೆ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ನೀವು ಆರನ್ನೂ ಓದಿದೀರಿ. ನಿಮ್ಮ ನೆನಪಿನ ಶಕ್ತಿ ನಂಗೆ ಗೊತ್ತು. ನೆನಪಿರೋಷ್ಟು ಬರೆದು ಕೊಡಿ. ಕಚೇರಿಯ ಟಿಪ್ಪಣಿ ಅಂತ ಇಡೋಣ. ಅದಕ್ಕೆ ಒಪ್ಪಂದ ಅಡ್ಡಿ ಬರಲ್ಲ."

ಪುಟಗಟ್ಟಲೆ ನೆನಪಿದೆ. ಕಣ್ಣು ಮುಚ್ಚಿದರೆ ಗೀಟುಗಳು ಸಾಲಾಗಿ ನಿಲ್ಲುತ್ತವೆ.

"ನೆನಪಿಲ್ಲ, ಮೇಡಂ."

"ಒಂದೂ?"

"ಒಂದೂ ಇಲ್ಲ."

ಅವರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಆಗಸ್ಟಿನಿಂದ ನಾನು ಕೆಳಮಹಡಿಯಲ್ಲಿ ಹಳೆಯ ಪತ್ರಿಕೆಗಳಿಗೆ ರಟ್ಟು ಕಟ್ಟುವ ವಿಭಾಗಕ್ಕೆ. ಅಲ್ಲಿ ಕಿಟಕಿಯಿಲ್ಲ, ಬೇಗ ಮನೆಗೆ ಬಿಡುತ್ತಾರೆ.

ಪಟ್ಟಿಯಲ್ಲಿ ಹದಿನೇಳರ ಮುಂದೆ 'ಉಣ್ಣೆ ಅಂಗಿ, ಒಂದು' ಎಂದು ತಿದ್ದಿದೆ. ಅದನ್ನು ಮಗಳು ಒಯ್ಯಲಿಲ್ಲ.

ಜುಲೈ ೩೧, ಬುಧವಾರ

ಡಾಕ್ಟರು ಬಂದು ಒಂದು ಗಂಟೆ ಇದ್ದರು. ಚಿತ್ರ ತೋರಿಸಿದರು, ಬೆಲ್ಲು ಹೊಡೆದರು, ಬಟ್ಟಲು ಚಮಚ ಕೊಟ್ಟು ಹೆಸರು ಕೇಳಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ಇಷ್ಟೇ ಅಂತ ಕಾಣುತ್ತೆ. ಇದೂ ಎಷ್ಟು ದಿನ ಇರುತ್ತೋ ಹೇಳಕ್ಕಾಗಲ್ಲ" ಅಂದರು. ಇದು ಎಂದರೆ ಮಗ್ಗಿ. ಮನೆಯಲ್ಲಿ ಏನಾದರೂ ಬರೆದಿಟ್ಟಿದ್ದೀರಾ ಎಂದು ಕೇಳಿದರು. ಆಯಾ ತುಂಬಿದ ಹಾಳೆಗಳನ್ನು ಕೊಟ್ಟೆ.

ಸಂಜೆ ಅಕ್ಕ ಶುರುಮಾಡಿದಳು. "ಒಂಬತ್ತೊಂದ್ಲ ಒಂಬತ್ತು." ಹೋಗಿ ಪಕ್ಕದಲ್ಲಿ ಕೂತೆ. ನೀರು ಕೊಟ್ಟೆ; ತುಟಿ ಮುಚ್ಚಿದಳು. ದಿಂಬು ಸರಿಮಾಡಿದೆ. ಕಿಟಕಿ ಹಾಕಿದೆ, ತೆಗೆದೆ. ಕೆನ್ನೆಯೊಳಗೆ ಬೆರಳಾಡಿಸಿದೆ, ಏನೂ ಇರಲಿಲ್ಲ. ಬಚ್ಚಲಿಗಾ ಎಂದೆ. ನೋವಾ ಎಂದೆ. "ಒಂಬತ್ತೆರಡ್ಲ ಹದಿನೆಂಟು" ಅಂದಳು, ಮೊದಲಿಗಿಂತ ಜೋರಾಗಿ, ನನ್ನ ಅಂಗಿಯ ತೋಳು ಎಡಗೈಯಲ್ಲಿ ಹಿಡಿದು ಜಗ್ಗುತ್ತಾ. ಏನೋ ಬೇಕು. ಬಹಳ ಬೇಕು. ಕಣ್ಣಲ್ಲಿ ನೀರು ಬಂತು ಅವಳಿಗೆ, ಈ ಗೂಬೆಗೆ ಇಷ್ಟೂ ಅರ್ಥವಾಗುವುದಿಲ್ಲವಲ್ಲ ಎಂಬಂತೆ.

"ಅಕ್ಕ, ನಂಗೆ ಗೊತ್ತಾಗ್ತಿಲ್ಲ ಕಣೆ" ಅಂದೆ.

ಜಗ್ಗುವುದನ್ನು ನಿಲ್ಲಿಸಿ ನೋಡಿದಳು. ನನಗೆ ಬೇರೇನೂ ತೋಚದೆ, "ಒಂಬತ್ಮೂರ್ಲ ಇಪ್ಪತ್ತೇಳು" ಅಂದೆ. ಅವಳು ಮುಂದಿನದನ್ನು ಹೇಳಿದಳು. ನಾನು ಅದರ ಮುಂದಿನದು. ತೊಂಬತ್ತಕ್ಕೆ ಬಂದಾಗ ತೋಳು ಬಿಟ್ಟಳು, ಮತ್ತೆ ಒಂದರಿಂದ ಶುರುಮಾಡಿದಳು. ನಾಲ್ಕು ಸಲ ಹೇಳಿದೆವು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂತು.

ಏನು ಬೇಕಾಗಿತ್ತೋ, ತಿಳಿಯಲಿಲ್ಲ.